ಪಿಂಗಾಣಿ ಅಂಗಡಿಯ ಭೂಕಂಪಗಳು

ಹೆಂಡತಿ: ಆ ತಟ್ಟೆ ಮೇಲಿಡಿ ಅಂದೆ.

ಗಂಡ: ಇಡ್ತೀನಿ ಕಣೇ, ಸ್ವಲ್ಪ ತಡಿ. ಚಿಲಿಯಲ್ಲಿ ಭೂಕಂಪ ಆಗಿದೆ.

ಹೆಂಡತಿ: ಚಿಲಿಯಲ್ಲಿ ಆದ್ರೆ ಚಿಲಿಯವರು ಇಳಿಸ್ಕೊಳ್ತಾರೆ. ನೀವ್ಯಾಕೆ ಇಳಿಸ್ತೀರಿ?

ಗಂಡ: ಐದು ಪಾಯಿಂಟ್ ಒಂದು.

ಹೆಂಡತಿ: ಇನ್ನೇನು ಹೋಟೆಲಿನವರು ಬಂದುಬಿಡ್ತಾರೆ. ಅದಾದ್ರೂ ತಲೇಲಿದೆಯಾ?

ಗಂಡ: ಇದೆಯಲ್ಲ. ಅದಕ್ಕೇ ಬೇಗ ಬೇಗ ಇಳಿಸ್ತಾ ಇದೀನಿ.

ಅಂಗಡಿಯ ನೆಲದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಊಟದ ಸೆಟ್ಟುಗಳು, ಹೂಜಿಗಳು, ಗಾಜಿನ ಬಟ್ಟಲುಗಳು, ಹಳೆ ಪತ್ರಿಕೆಗಳ ಮೇಲೆ ಸಾಲಾಗಿ ಕೂತಿದ್ದವು. ಗೋಡೆಯುದ್ದಕ್ಕೂ ಇದ್ದ ಕಬ್ಬಿಣದ ಕಪಾಟುಗಳು ಮಾತ್ರ ಖಾಲಿ. ದಾರಿಹೋಕರು ಒಳಗೆ ಇಣುಕಿ, ಅಂಗಡಿ ಖಾಲಿ ಮಾಡ್ತಿದೀರಾ ಎಂದು ಕೇಳಿ ಹೋಗುವುದು ಮಾಮೂಲಾಗಿತ್ತು. ಅದು ಅಷ್ಟೇನೂ ಸುಳ್ಳಾಗಿರಲಿಲ್ಲ. ಜನ ಎದುರಿನ ಸ್ಟೀಲ್ ಅಂಗಡಿಗೆ ಹೋಗುತ್ತಿದ್ದರು. ಇವತ್ತು ಹೋಟೆಲಿನವರ ಆರ್ಡರ್ ಸಿಕ್ಕರೆ ಅಂಗಡಿ ಉಳಿಯುತ್ತದೆ, ಕೈ ತಪ್ಪಿದರೆ ಬಾಗಿಲು ಹಾಕಬೇಕು, ಅಷ್ಟೇ. ಆ ಹೊಸ ಹೋಟೆಲಿಗೆ ಎಡತಾಕಿ, ಕಂಡಕಂಡವರ ಹತ್ತಿರ ಹಲ್ಲು ಗಿಂಜಿ, ‘ನಮ್ಮ ಕಡೆಯಿಂದ ಒಬ್ಬರು ಬಂದು ನೋಡ್ತಾರೆ’ ಎಂದು ಫೋನಿನಲ್ಲಿ ಹೇಳಿಸಿಕೊಂಡವಳು ಅವಳೇ.

ಗಂಡನ ಈ ಭೂಕಂಪದ ಹುಚ್ಚಿಗೆ ಒಂದು ಕಾರಣವಿತ್ತು. ಒಮ್ಮೆ ಬೀದಿಯಲ್ಲಿ ಕಲ್ಲು ತುಂಬಿದ ಲಾರಿ ಹೋದಾಗ ಮೇಲಿನ ಹಲಗೆಯಿಂದ ಒಂದು ಹಣ್ಣಿನ ಬಟ್ಟಲು ಬಿದ್ದು ಚೂರಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಲಾರಿಯವನನ್ನು ಬೈದು ಸುಮ್ಮನಾಗುತ್ತಿದ್ದರು. ಇವನು ಮೊಬೈಲಿಗೆ ಜಗತ್ತಿನ ಭೂಕಂಪಗಳನ್ನೆಲ್ಲ ತೋರಿಸುವ ಆ್ಯಪ್ ಹಾಕಿಕೊಂಡ. ಅಂದಿನಿಂದ ಭೂಮಿ ಎಲ್ಲಿ ಮಿಸುಕಿದರೂ ಇವರ ಗಲ್ಲಾಪೆಟ್ಟಿಗೆಯ ಮೇಲೆ ಗಂಟೆ ಹೊಡೆಯುತ್ತಿತ್ತು.

ಹೆಂಡತಿ: ಅಲ್ಲಾರೀ, ಸಮುದ್ರದ ಆಚೆ ಎಲ್ಲೋ ಅಲುಗಾಡಿದ್ರೆ ನಮಗೇನು?

ಗಂಡ: ಭೂಮಿ ಒಂದೇ ತಾನೆ? ಹಲಗೆಯ ಆ ತುದಿಗೆ ಮೊಣಕೈ ತಾಗಿದ್ರೆ ಈ ತುದಿಯ ಕಪ್ ಅಲ್ಲಾಡಲ್ವಾ?

ಹೆಂಡತಿ: ಭೂಮಿ ಹಲಗೆಯೇನ್ರೀ?

ಗಂಡ: ಹಲಗೆಗಿಂತ ಉದ್ದ. ಅದಕ್ಕೇ ಬರೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಅಷ್ಟರಲ್ಲಿ ಇಳಿಸ್ಕೊಬಹುದು.

ಹೆಂಡತಿ: ಇಷ್ಟು ದಿನದಲ್ಲಿ ಒಂದಾದ್ರೂ ಬಂದು ತಲುಪಿದೆಯಾ?

ಗಂಡ: ತಲುಪಿಲ್ಲ ಅಂತ ಹೇಗೆ ಹೇಳ್ತೀಯಾ? ಎಲ್ಲ ನೆಲದ ಮೇಲಿತ್ತಲ್ಲ, ಬೀಳೋಕೆ ಏನಿತ್ತು?

ಇಳಿಸುವುದಕ್ಕೆ ಅವನ ಬಳಿ ಒಂದು ಕ್ರಮವೂ ಇತ್ತು. ಐದರ ಒಳಗಿದ್ದರೆ ಗಾಜಿನ ಸಾಮಾನು ಮಾತ್ರ. ಐದು ದಾಟಿದರೆ ಊಟದ ಸೆಟ್ಟು, ಹೂಜಿ ಎಲ್ಲ. ಆರು ದಾಟಿದರೆ ಹಿಂದಿನ ಕೋಣೆಯಲ್ಲಿ ಅಡಿಗೆ ಮಾಡುತ್ತಿದ್ದ ಹೆಂಡತಿಯನ್ನೂ ಕರೆಯುತ್ತಿದ್ದ, ದೊಡ್ಡ ಟೀಪಾಟನ್ನು ಅಪ್ಪಿ ಹಿಡಿದುಕೊಳ್ಳಲು.

ಹೆಂಡತಿ: ಒಂದು ಗಂಟೆ ಹೊತ್ತು ಆ ಫೋನ್ ಆರಿಸಿಡಿ. ನಿಮಗೆ ಕೈ ಮುಗೀತೀನಿ. ಆರಿಸ್ತೀರಾ?

ಗಂಡ: ಓಹೋ, ಆರಿಸ್ತೀನಿ.

ಹೆಂಡತಿ: ಎಲ್ಲಾ ಮೇಲಿಡ್ತೀರಾ?

ಗಂಡ: ಇಡದೆ ಏನು.

ಹೆಂಡತಿ: ನಿಮ್ಮ ‘ಓಹೋ’ ನನಗೆ ಗೊತ್ತು. ಯಾರು ಏನು ಕೇಳಿದ್ರೂ ಹೂಂ ಅಂತೀರಿ. ಮಾಡೋದು ಮಾತ್ರ ಸೊನ್ನೆ.

ಗಂಡ: ಗಿರಾಕಿಯನ್ನ ವಾಪಸ್ ಕಳಿಸೋ ಆ ಎರಡಕ್ಷರ ಈ ಅಂಗಡಿಯಲ್ಲಿ ಆಡಬಾರದು ಅಂತ ಅಪ್ಪ ಹೇಳಿದ್ರು. ಹಾಗೇ ನಡ್ಕೊಂಡು ಬಂದಿದೀನಿ.

ಅದು ನಿಜವೇ. ನೀಲಿ ಕಪ್ ಇದೆಯಾ ಎಂದರೆ, ನೀಲಿ ನಾಳೆ ಬರುತ್ತೆ, ಬಿಳಿ ಈಗ ತಾನೇ ಬಂತು ಎನ್ನಬೇಕು. ಇಲ್ಲ ಎನ್ನಬಾರದು. ಮಾವನವರ ಕಾಲದಿಂದ ಬಂದ ಪದ್ಧತಿ. ಮದುವೆಯಾಗಿ ಬಂದಂದಿನಿಂದ ಅವಳು ಗಂಡನ ಬಾಯಲ್ಲಿ ಆ ಒಂದು ಮಾತು ಕೇಳಿರಲಿಲ್ಲ. ಒಂದೇ ಮನೆಯಲ್ಲಿ ಅಂಥವನ ಜೊತೆ ಬಾಳುವುದು ಎಂಥ ಸಂಕಟ ಎಂದು ಯಾರಿಗೆ ಹೇಳಿದರೂ ನಂಬುತ್ತಿರಲಿಲ್ಲ. ಎಂಥ ಒಳ್ಳೆ ಗಂಡ ಎನ್ನುತ್ತಿದ್ದರು.

ಅವಳು ಸೆರಗು ಸಿಕ್ಕಿಸಿ ಕೈಗೆ ನಾಲ್ಕು ತಟ್ಟೆ ಎತ್ತಿಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಹೆಗಲಿಗೆ ಚೀಲ ಹಾಕಿ, ಕನ್ನಡಕ ಏರಿಸಿಕೊಂಡ ನಡುವಯಸ್ಸಿನ ಹೆಂಗಸೊಬ್ಬಳು ನಿಂತು, ನೆಲದ ಮೇಲಿನ ಪಿಂಗಾಣಿಯನ್ನೂ ಖಾಲಿ ಕಪಾಟುಗಳನ್ನೂ ಒಂದೊಂದಾಗಿ ನೋಡುತ್ತಿದ್ದಳು. ಇವಳು ಭೂಕಂಪ ಅಧ್ಯಯನ ಕೇಂದ್ರದ ಅಧಿಕಾರಿ. ಓದುವವರಿಗೆ ಇದನ್ನು ಈಗಲೇ ಹೇಳಿಬಿಡುವುದು ವಾಸಿ. ಹೆಂಡತಿಗೆ ಹೇಳಲು ಯಾರೂ ಇರಲಿಲ್ಲ.

ಹೆಂಡತಿ: ಬನ್ನಿ ಮೇಡಂ, ಬನ್ನಿ. ನಿಮ್ಮನ್ನೇ ಕಾಯ್ತಾ ಇದ್ವಿ.

ಅಧಿಕಾರಿ: ನಾನು ಬರ್ತೀನಿ ಅಂತ ಗೊತ್ತಿತ್ತಾ?

ಹೆಂಡತಿ: ಗೊತ್ತಿಲ್ದೆ ಏನು. ನಿಮ್ಮ ಕಡೆಯವರೇ ಫೋನ್ ಮಾಡಿದ್ರಲ್ಲ.

ಅಧಿಕಾರಿ: ಮುಂಚೆ ತಿಳಿಸದೆ ಹೋಗಿ ನೋಡು ಅಂತ ನನ್ನ ಕಳಿಸಿದ್ದು.

ಹೆಂಡತಿ: ನೋಡಿ, ನೋಡಿ. ಎಷ್ಟು ಬೇಕಾದ್ರೂ ನೋಡಿ. ನಮ್ಮಲ್ಲಿ ಮುಚ್ಚುಮರೆ ಏನೂ ಇಲ್ಲ.

ಅಧಿಕಾರಿ ತಟ್ಟೆಗಳ ನಡುವೆ ಜಾಗ ಹುಡುಕಿ ಹುಡುಕಿ ಹೆಜ್ಜೆಯಿಡುತ್ತ ಒಳಗೆ ಬಂದಳು. ಗಂಡ ಹೂಜಿಯೊಂದನ್ನು ಹಿಡಿದು ಬಗ್ಗಿದವನು ಹಾಗೆಯೇ ಬಗ್ಗಿ ನಿಂತಿದ್ದ.

ಅಧಿಕಾರಿ: ಇಲ್ಲಿ ಆಗಾಗ ಅಲುಗಾಡುತ್ತಾ?

ಹೆಂಡತಿ: ಏನು, ಕಪಾಟಾ? ಕಬ್ಬಿಣದ್ದು ಮೇಡಂ, ಗೋಡೆಗೆ ಬೋಲ್ಟ್ ಹಾಕ್ಸಿದೀವಿ. ಒಂದು ದಿನಕ್ಕೂ ಅಲುಗಾಡಿಲ್ಲ.

ಅಧಿಕಾರಿ: ಒಂದು ದಿನಕ್ಕೂ?

ಹೆಂಡತಿ: ಬೇಕಾದ್ರೆ ಜೋರಾಗಿ ಅಲ್ಲಾಡಿಸಿ ನೋಡಿ.

ಅಧಿಕಾರಿ ಚೀಲ ಕೆಳಗಿಟ್ಟು ಎರಡೂ ಕೈಯಲ್ಲಿ ಕಪಾಟು ಹಿಡಿದು ಅಲ್ಲಾಡಿಸಿದಳು. ಕಪಾಟು ಮಿಸುಕಲಿಲ್ಲ. ಅವಳ ಕನ್ನಡಕ ಮಾತ್ರ ಮೂಗಿನ ತುದಿಗೆ ಬಂತು.

ಅಧಿಕಾರಿ: ಸಾಮಾನು ಬಿದ್ದಿದ್ದು?

ಹೆಂಡತಿ: ಒಂದೂ ಬಿದ್ದಿಲ್ಲ.

ಅಧಿಕಾರಿ: ಗೋಡೆ ಬಿರುಕು ಬಿಟ್ಟಿದ್ದು?

ಹೆಂಡತಿಗೆ ಸ್ವಲ್ಪ ವಿಚಿತ್ರವೆನಿಸಿತು. ಆದರೂ ದೊಡ್ಡ ಹೋಟೆಲಿನವರು, ಎಲ್ಲ ವಿಚಾರಿಸಿಯೇ ಸಾಮಾನು ಕೊಳ್ಳುತ್ತಾರೇನೋ ಎಂದುಕೊಂಡಳು.

ಹೆಂಡತಿ: ಗೋಡೆಗೆ ಏನಾಗಿದೆ, ಕಲ್ಲಿನ ಹಾಗಿದೆ.

ಅಧಿಕಾರಿ: ಭಯದಿಂದ ಹೊರಗೆ ಓಡಿ ಹೋಗಿದ್ದು?

ಹೆಂಡತಿ: ಗಿರಾಕಿಗಳಾ? ಯಾಕೆ ಓಡ್ತಾರೆ ಮೇಡಂ, ನಮ್ಮ ರೇಟು ನೋಡಿದ್ರೆ ಒಳಗೇ ಕೂತ್ಕೊಳ್ತಾರೆ.

ಅಧಿಕಾರಿ: ಅಂದ್ರೆ, ತಟ್ಟೆ ಬಿತ್ತು, ಗೋಡೆ ಬಿರುಕು ಬಿಡ್ತು, ಜನ ಹೊರಗೆ ಓಡಿದ್ರು ಅಂತ ಈ ಅಂಗಡಿ ಬಗ್ಗೆ ನಮಗೆ ದಿನಾ ಬರ್ತಾ ಇರೋದೆಲ್ಲ ಸುಳ್ಳು.

ಹೆಂಡತಿ ಕೈಯಲ್ಲಿದ್ದ ತಟ್ಟೆಗಳನ್ನು ಎದೆಗೊತ್ತಿಕೊಂಡು ಬೀದಿಯ ಕಡೆ ತಿರುಗಿದಳು.

ಹೆಂಡತಿ: ದಿನಾ ಹೀಗೆ ಹೇಳ್ತಾರಾ? ಯಾರು ಹೇಳಿದ್ದು? ಆ ಎದುರಿನ ಸ್ಟೀಲ್ ಅಂಗಡಿಯವನೇ ಇರಬೇಕು. ಹೊಟ್ಟೆಕಿಚ್ಚಿನ ಮನುಷ್ಯ. ನಮಗೆ ಆರ್ಡರ್ ತಪ್ಪಿಸೋಕೆ ಏನು ಬೇಕಾದ್ರೂ ಮಾಡ್ತಾನೆ.

ಗಂಡ: ಲೇ, ಸ್ವಲ್ಪ ಸುಮ್ನಿರು.

ಹೆಂಡತಿ: ನಾನ್ಯಾಕೆ ಸುಮ್ನಿರಲಿ? ಅಂಥವನ ನಾಲಗೆಗೆ ಬರೆ ಹಾಕಬೇಕು ಮೇಡಂ. ಅವನ ಮಾತು ಕಟ್ಕೊಂಡು ನೀವು ನಮ್ಮ ಬಗ್ಗೆ ಬೇರೆ ಥರ ತಿಳ್ಕೊಬೇಡಿ.

ಅಧಿಕಾರಿ: ಅವರ ಫೋನ್ ನಂಬರ್ ಇದೇನಾ ನೋಡಿ.

ಅಧಿಕಾರಿ ತನ್ನ ಮೊಬೈಲ್ ತೋರಿಸಿದಳು. ಹೆಂಡತಿ ನೋಡಿದಳು. ಆ ನಂಬರನ್ನು ಅವಳು ಚೆನ್ನಾಗಿ ಬಲ್ಲಳು. ಅಂಗಡಿಯ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದ್ದು ಅದೇ.

ಹೆಂಡತಿ: ನೀವು ಹೋಟೆಲಿನವರಲ್ವಾ?

ಅಧಿಕಾರಿ: ಭೂಕಂಪ ಅಧ್ಯಯನ ಕೇಂದ್ರ. ಭೂಕಂಪದ ಆ್ಯಪಿನಲ್ಲಿ ಜನ ಬರೆಯೋದೆಲ್ಲ ನಮಗೇ ಬರೋದು.

ಹೆಂಡತಿ ತಟ್ಟೆಗಳನ್ನು ಮೆಲ್ಲಗೆ ಕೆಳಗಿಟ್ಟಳು. ಹೊರಗಿನ ಬೆಳಕು ತಾಗಿ ತಟ್ಟೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಗಂಡನ ಮುಖವೂ ಹೆಚ್ಚುಕಡಿಮೆ ಅದೇ ಬಣ್ಣಕ್ಕೆ ತಿರುಗಿತ್ತು.

ಹೆಂಡತಿ: ಏನ್ರೀ ಇದು?

ಗಂಡ: ಪ್ರತಿ ಭೂಕಂಪ ಆದಾಗ್ಲೂ ಆ ಆ್ಯಪ್ ಕೇಳುತ್ತೆ ಕಣೇ. ನಿಮಗೆ ಕಂಪನದ ಅನುಭವ ಆಯ್ತಾ ಅಂತ. ಇಷ್ಟು ಮರ್ಯಾದೆಯಾಗಿ ಕೇಳಿದ ಮೇಲೆ...

ಹೆಂಡತಿ: ಇಲ್ಲ ಅಂತ ಒತ್ತಬೇಕು.

ಗಂಡ: ಹೇಗೆ ಒತ್ತಲಿ? ಅಂಗಡಿಯಲ್ಲಿ ಕೂತು?

ಅಧಿಕಾರಿ: ಯಜಮಾನರೇ, ಜಪಾನಿನಲ್ಲಿ ಆದ್ರೂ ಅನುಭವ ಆಯ್ತು, ಪೆರುವಿನಲ್ಲಿ ಆದ್ರೂ ಅನುಭವ ಆಯ್ತು ಅಂತ ಬರೆದಿದೀರಿ. ಎಷ್ಟು ಸಾಮಾನು ಬಿತ್ತು ಅಂತ ಕೇಳಿದ್ರೆ ‘ಬಹಳಷ್ಟು’.

ಗಂಡ: ‘ಬಹಳಷ್ಟು’ ಅಂದ್ರೆ ಮೇಡಂ, ಸ್ಟಾಕ್ ಇದೆ ಅಂತ ಗೊತ್ತಾಗ್ಲಿ ಅಂತ.

ಅಧಿಕಾರಿ: ಪ್ರಪಂಚದ ಭೂಕಂಪಗಳೆಲ್ಲ ಗೊತ್ತಾಗೋ ಒಂದೇ ಒಂದು ಅಂಗಡಿ ಅಂತ ನಿಮ್ಮನ್ನ ನಕ್ಷೆಯಲ್ಲಿ ಗುರುತು ಮಾಡಿದಾರೆ. ನಿಮ್ಮ ಬೀದಿ ಕೊನೆಯಲ್ಲಿ ಗುಂಡಿ ತೋಡಿ ಯಂತ್ರ ಹೂತಿದ್ವಿ. ಯಂತ್ರ ಏನೂ ತೋರಿಸಲಿಲ್ಲ.

ಹೆಂಡತಿ: ಆಗಾದ್ರೂ ಗೊತ್ತಾಗಲಿಲ್ವಾ?

ಅಧಿಕಾರಿ: ಯಂತ್ರ ಕೆಟ್ಟಿದೆ ಅಂತ ಬದಲಾಯಿಸಿದ್ವಿ.

ಗಂಡ: ಆ ಗುಂಡಿ ನೀರಿನ ಪೈಪಿಗೆ ಅಂದ್ಕೊಂಡಿದ್ದೆ. ನನಗೆ ಆ್ಯಪ್‌ನವರು ಚಿನ್ನದ ನಕ್ಷತ್ರ ಕೊಟ್ಟಿದಾರೆ ಮೇಡಂ. ನಂಬಿಕಸ್ಥ ವರದಿಗಾರ ಅಂತ.

ಅಧಿಕಾರಿ: ಅದನ್ನ ವಾಪಸ್ ತಗೊಳ್ಳೋಕೇ ನಾನು ಬಂದಿರೋದು.

ಗಂಡ ಹೂಜಿಯನ್ನು ಎದೆಗವಚಿಕೊಂಡ. ಹೆಂಡತಿಗೆ ನಗು ಬಂತು, ಸಿಟ್ಟೂ ಬಂತು. ಎರಡನ್ನೂ ತಡೆದುಕೊಂಡು ಬಾಗಿಲ ಕಡೆ ನೋಡಿದಳು. ಹೋಟೆಲಿನವರು ಯಾವ ಗಳಿಗೆಯಲ್ಲಾದರೂ ಬರಬಹುದು. ಅಷ್ಟರಲ್ಲಿ ಇವಳನ್ನು ಸಾಗಹಾಕಿ, ಸಾಮಾನು ಮೇಲೆ ಜೋಡಿಸಬೇಕು.

ಹೆಂಡತಿ: ಮೇಡಂ, ಇನ್ಮೇಲೆ ಹೀಗೆ ಆಗಲ್ಲ. ನನ್ನ ಮಾತು ನಂಬಿ. ನೀವು ಹೊರಡಿ.

ಅಧಿಕಾರಿ: ಅವರು ಹೇಳಲಿ. ನನ್ನೆದುರಿಗೆ ಒಂದು ಸಲ ‘ಇಲ್ಲ’ ಅಂದ್ರೆ ಹೊರಟುಹೋಗ್ತೀನಿ. ಎಲ್ಲಿ ಯಜಮಾನರೇ, ಈಗ ಚಿಲಿಯಲ್ಲಿ ಆಗಿದ್ದು ನಿಮಗೆ ಗೊತ್ತಾಯ್ತಾ?

ಗಂಡ: ಸದ್ಯಕ್ಕೆ ಗೊತ್ತಾಗೋದು ಖಾಲಿ. ನಾಳೆ ಬರುತ್ತೆ.

ಅಧಿಕಾರಿ: ಹಾಗಲ್ಲ. ಇಲ್ಲ ಅನ್ನಿ.

ಗಂಡ: ಚಿಲಿಯದ್ದು ತಡ ಆಗುತ್ತೆ, ಬೇರೆ ಯಾವುದಾದ್ರೂ ನೋಡ್ತೀರಾ?

ಹೆಂಡತಿ: ರೀ, ಹೇಳಿ ಕಳಿಸ್ರೀ ಅವರನ್ನ. ಎರಡಕ್ಷರ. ನಿಮ್ಮಪ್ಪ ಏನೂ ಅಂದ್ಕೊಳ್ಳಲ್ಲ.

ಗಂಡ: ಇ...

ಅಧಿಕಾರಿ: ಹಾಂ, ಹಾಂ.

ಗಂಡ: ಇ... ಇದೆ ಅನ್ನೋ ಹಾಗಿದ್ರೆ ಹೇಳ್ತಿದ್ದೆ.

ಅಧಿಕಾರಿ: ಹತ್ತಿರ ಬಂದ್ರಿ. ಇನ್ನೊಂದು ಸಲ. ಕಣ್ಣು ಮುಚ್ಕೊಂಡು ಹೇಳಿ.

ಗಂಡ ಕಣ್ಣು ಮುಚ್ಚಿ ಗಂಟಲು ಸರಿಮಾಡಿಕೊಂಡ. ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಬಾಗಿಲಲ್ಲಿ ಆಗಲೇ ಒಬ್ಬ ವಯಸ್ಸಾದ ಮನುಷ್ಯ ಬಂದು ನಿಂತಿದ್ದ. ದಪ್ಪ ಹುಬ್ಬು, ಬಗಲಲ್ಲಿ ಮಡಿಸಿದ ಕೊಡೆ. ಯಾರೋ ಒಂದು ಲೋಟ ಕೊಳ್ಳಲು ಬಂದವನಿರಬೇಕೆಂದು ಹೆಂಡತಿ ಅತ್ತ ಗಮನ ಕೊಡಲಿಲ್ಲ.

ಹಿರಿಯ: ಒಂದೇ ಥರದ್ದು ಮುನ್ನೂರು ಕಪ್ ಬೇಕಾಗಿತ್ತು. ಹೋಟೆಲಿಗೆ. ಇದೆಯಾ?

ಗಂಡ: ಇಲ್ಲ.

ಗಂಡ ಕಣ್ಣು ತೆರೆದ. ತನ್ನ ಬಾಯಿಂದ ಬಂದದ್ದು ಯಾವ ಕಡೆ ಹೋಯಿತೆಂದು ಅವನಿಗೇ ತಿಳಿಯಲಿಲ್ಲ.

ಅಧಿಕಾರಿ: ನೋಡಿ, ಬಂತಲ್ಲ.

ಕಾಯುತ್ತಿದ್ದ ಹೋಟೆಲಿನವರು ಇವರೇ ಎಂದು ಹೆಂಡತಿಗೆ ಆಗ ತಿಳಿಯಿತು. ಹೋಟೆಲಿಗೆ ಎಡತಾಕಿದ್ದು, ಹಲ್ಲು ಗಿಂಜಿದ್ದು, ಬೆಳಗ್ಗೆ ಬೇಗ ಎದ್ದು ಕಪ್ ಒರೆಸಿದ್ದು ಎಲ್ಲ ಹೊಳೆಗೆ ಹೋಯಿತು. ಬಾಳಿನಲ್ಲಿ ಒಮ್ಮೆ ಇಲ್ಲ ಅನ್ನು ಎಂದು ಈ ಗಂಡನನ್ನು ಎಷ್ಟು ಬೇಡಿಕೊಂಡಿರಲಿಲ್ಲ ಅವಳು. ಕೊನೆಗೂ ಅಂದ, ಅನ್ನಬಾರದ ಒಬ್ಬನೇ ಒಬ್ಬ ಮನುಷ್ಯನಿಗೆ.

ಹೆಂಡತಿ: ಸಾರ್, ಅವರು ನಿಮಗೆ ಹೇಳಿದ್ದಲ್ಲ, ಚಿಲಿಗೆ ಹೇಳಿದ್ದು.

ಹೋಟೆಲಿನವರು: ಚಿಲಿಯಿಂದಲೂ ಕಪ್ ಕೇಳ್ತಾರಾ?

ಹೆಂಡತಿ: ಕೂತ್ಕೊಳ್ಳಿ ಸಾರ್. ಹೇಳ್ತೀನಿ.

ಹೋಟೆಲಿನವರು: ಎಲ್ಲಿ ಕೂತ್ಕೊಳ್ಳಲಿ, ಎಲ್ಲಾ ಕಡೆ ತಟ್ಟೆ ಇದೆ. ಯಜಮಾನರೇ, ಮುನ್ನೂರು ಇಲ್ಲ ಅಂದ್ರಿ. ಎಷ್ಟಿದೆ?

ಗಂಡನಿಗೆ ಏನಾಯಿತೋ. ಇಷ್ಟು ವರ್ಷ ಕಟ್ಟಿಟ್ಟಿದ್ದು ಒಮ್ಮೆ ಬಿಚ್ಚಿಕೊಂಡ ಮೇಲೆ ನಿಲ್ಲಿಸುವುದು ಅವನ ಕೈಲಾಗಲಿಲ್ಲ.

ಗಂಡ: ಇನ್ನೂರ ಅರವತ್ತು. ಅದರಲ್ಲೂ ಒಂದು ಡಬ್ಬದ್ದು ಸ್ವಲ್ಪ ಬೂದು. ಬಿಸಿಲಿಗೆ ಹಿಡಿದ್ರೆ ಗೊತ್ತಾಗುತ್ತೆ.

ಹೆಂಡತಿ: ಬಿಸಿಲಿಗೆ ಯಾರು ಹಿಡೀತಾರೆ, ಬಿಡಿ.

ಹೋಟೆಲಿನವರು: ಉಳಿದ ಕಪ್ ನಾಳೆ ತರಿಸ್ತೀರಾ?

ಗಂಡ: ಇಲ್ಲ.

ಹೋಟೆಲಿನವರು: ನಾಡಿದ್ದು?

ಗಂಡ: ಇಲ್ಲ ಸಾರ್. ಬರೋ ತಿಂಗಳು. ಅದೂ ಗ್ಯಾರಂಟಿ ಇಲ್ಲ.

ಹೋಟೆಲಿನವರು: ಬಿದ್ರೆ ಒಡೆಯಲ್ಲ ಅನ್ನೋ ಮಾಲಾ ಇದು?

ಗಂಡ: ಒಡೆಯುತ್ತೆ. ಪಿಂಗಾಣಿ ಅಲ್ವಾ.

ಒಂದೊಂದು ಉತ್ತರಕ್ಕೂ ಹೆಂಡತಿಗೆ ಅಂಗಡಿಯ ಬಾಗಿಲು ಒಂದೊಂದು ಹಲಗೆ ಮುಚ್ಚಿಕೊಂಡಂತೆ ಆಗುತ್ತಿತ್ತು. ಎದುರಿನ ಸ್ಟೀಲ್ ಅಂಗಡಿಯವನು ಹೊಸ್ತಿಲಲ್ಲಿ ನಿಂತು ಇತ್ತಲೇ ನೋಡುತ್ತಿದ್ದುದೂ ಅವಳಿಗೆ ಕಾಣಿಸಿತು.

ಹೋಟೆಲಿನವರು: ಇದೆಲ್ಲ ನೆಲದ ಮೇಲೆ ಯಾಕೆ?

ಗಂಡ: ಚಿಲಿಯಲ್ಲಿ ಭೂಕಂಪ ಆಯ್ತು ಸಾರ್, ಅದಕ್ಕೆ.

ಹೋಟೆಲಿನ ಹಿರಿಯರು ಕೊಡೆಯನ್ನು ಇನ್ನೊಂದು ಬಗಲಿಗೆ ಬದಲಾಯಿಸಿದರು.

ಹೋಟೆಲಿನವರು: ಅಲ್ಲಿ ನಿಮ್ಮ ಮಾಲು ಏನೂ ಇರಲಿಲ್ಲ ತಾನೆ?

ಗಂಡ: ಇಲ್ಲ.

ಹೋಟೆಲಿನವರು: ಹಾಗಾದ್ರೆ ಸರಿ. ಇನ್ನೂರ ಅರವತ್ತೂ ಕಟ್ಟಿಸಿ. ಬೂದು ಬಣ್ಣದ್ದೂ ಇರಲಿ.

ಹೆಂಡತಿ: ಎಷ್ಟು ಅಂದ್ರಿ?

ಹೋಟೆಲಿನವರು: ನಮ್ಮಲ್ಲಿ ಕುರ್ಚಿ ಇರೋದೇ ಇನ್ನೂರಮ್ಮ. ಉಳಿದದ್ದು ನಮ್ಮ ಸಪ್ಲೈಯರ್‌ಗಳು ಒಡೆಯೋಕೆ. ಎಲ್ಲಾ ಅಂಗಡಿಯಲ್ಲೂ ಮುನ್ನೂರು ಅಂತಲೇ ಕೇಳ್ಕೊಂಡು ಬಂದೆ. ಎಲ್ರೂ ಇದೆ ಅಂದ್ರು. ತೋರಿಸಿ ಅಂದ್ರೆ ನಾಳೆ ಅಂದ್ರು. ಹಿಂದಿನ ಹೋಟೆಲ್ ಶುರು ಮಾಡಿದಾಗ ಹೀಗೇ ಒಬ್ಬ ‘ಇದೆ ಇದೆ’ ಅಂದ. ಶುರುವಿನ ದಿನ ಅರ್ಧ ಜನಕ್ಕೆ ಕಾಫಿ ಕಪ್ಪಲ್ಲಿ ಕೊಟ್ಟೆ, ಅರ್ಧ ಜನಕ್ಕೆ ಸ್ಟೀಲ್ ಲೋಟದಲ್ಲಿ. ಲೋಟ ಸಿಕ್ಕಿದವರು ಎದ್ದು ಹೋದರು. ಈ ಸಲ ಇಲ್ಲ ಅನ್ನೋ ಒಬ್ಬನಾದ್ರೂ ಸಿಗ್ತಾನಾ ಅಂತ ಹುಡುಕ್ತಾ ಇದ್ದೆ.

ಹೆಂಡತಿ: ಅವರು ಯಾವಾಗ್ಲೂ ಹಾಗೇ ಸಾರ್. ನೇರ ಮಾತು.

ಹೋಟೆಲಿನವರು: ನಿಮ್ಮನ್ನ ನಂಬಬಹುದು ಅಂತೀರಾ ಯಜಮಾನರೇ?

ಗಂಡನ ತುಟಿ ‘ಇ’ ಎನ್ನುವ ಆಕಾರಕ್ಕೆ ಬಂತು. ಹೆಂಡತಿ ಅವನ ಕಾಲು ತುಳಿದಳು.

ಹೆಂಡತಿ: ನಂಬಬಹುದು ಸಾರ್. ನಾಳೆ ಬೆಳಗ್ಗೆ ಕಟ್ಟಿಸಿ ಕಳಿಸ್ತೀವಿ.

ಹಿರಿಯರು ಮುಂಗಡ ಕೊಟ್ಟು, ಕೊಡೆ ಊರಿಕೊಂಡು, ತಟ್ಟೆಗಳ ನಡುವೆ ಜಾಗ ನೋಡಿ ನೋಡಿ ಹೆಜ್ಜೆಯಿಟ್ಟು ಹೊರಗೆ ಹೋದರು. ಅವರು ಬೀದಿ ತಿರುಗುವವರೆಗೂ ಮೂವರೂ ನಿಂತಲ್ಲೇ ನಿಂತಿದ್ದರು. ಆಮೇಲೆ ಗಂಡ ಹೂಜಿಯ ಸಮೇತ ಊಟದ ಸೆಟ್ಟುಗಳ ಮಧ್ಯೆ ದೊಪ್ಪೆಂದು ಕುಕ್ಕರಿಸಿದ. ಒಂದು ಸಾಸರೂ ಒಡೆಯಲಿಲ್ಲ. ಬೀಳುವಾಗಲೂ ಅವನಿಗೆ ಮಾಲಿನ ಚಿಂತೆ.

ಗಂಡ: ಅಪ್ಪನ ಮಾತು ಮುರಿದುಬಿಟ್ಟೆ ಕಣೇ.

ಹೆಂಡತಿ: ಪರವಾಗಿಲ್ಲ. ಇನ್ನೂರ ಅರವತ್ತು ಕಪ್ ಹೋಯ್ತು.

ಗಂಡ: ಇನ್ನೊಂದು ಸಲ ಅನ್ನೋಕೆ ಬರುತ್ತೋ ಇಲ್ವೋ.

ಹೆಂಡತಿ: ಈಗಷ್ಟೇ ಅಂದ್ರಿ.

ಆಗ ಗಲ್ಲಾಪೆಟ್ಟಿಗೆಯ ಮೇಲೆ ಫೋನ್ ಗಂಟೆ ಹೊಡೆಯಿತು. ಆರಿಸುತ್ತೇನೆಂದು ಒಪ್ಪಿಕೊಂಡಿದ್ದ ಫೋನ್. ಇಂಡೋನೇಷ್ಯಾ, ನಾಲ್ಕು ಪಾಯಿಂಟ್ ಆರು. ಗಂಡ ಅಭ್ಯಾಸಬಲದಿಂದ ಕಪಾಟಿನ ಕಡೆ ಕೈ ಚಾಚಿದ. ಅಲ್ಲಿ ಇಳಿಸಲು ಏನೂ ಉಳಿದಿರಲಿಲ್ಲ.

ಅಧಿಕಾರಿ: ಬಂತು ನೋಡಿ. ಈಗ ಸರಿಯಾಗಿ ಒತ್ತಿ. ನೋಡ್ಕೊಂಡೇ ಹೋಗ್ತೀನಿ.

ಹೆಂಡತಿ: ಅವರು ಇವತ್ತಿಗೆ ಸಾಕು ಅನ್ನೋಷ್ಟು ಹೇಳಿದಾರೆ. ಕೊಡಿ, ನಾನು ಒತ್ತುತ್ತೀನಿ.

ಅವಳು ಫೋನ್ ಕೈಗೆತ್ತಿಕೊಂಡಳು. ಪರದೆಯ ಮೇಲೆ ಪ್ರಶ್ನೆ ಬಂದಿತ್ತು, ಮರ್ಯಾದೆಯಾಗಿಯೇ: ನಿಮಗೆ ಕಂಪನದ ಅನುಭವವಾಯಿತೇ? ಅಕ್ಷರಗಳು ಓದಲು ಸಿಗದಷ್ಟು ಕುಣಿಯುತ್ತಿದ್ದವು. ಅವಳು ತನ್ನ ಕೈಯನ್ನೇ ಒಮ್ಮೆ ನೋಡಿದಳು. ಆಮೇಲೆ ‘ಹೌದು’ ಎಂದು ಒತ್ತಿದಳು.

ಅಧಿಕಾರಿ: ಏನಮ್ಮಾ, ನೀವೂನಾ?

ಹೆಂಡತಿ: ಸರಿಯಾಗಿ ಒತ್ತಿ ಅಂತ ನೀವೇ ತಾನೆ ಹೇಳಿದ್ದು. ಇನ್ನೂ ನಿಂತಿಲ್ಲ, ನೋಡಿ.

ಫೋನ್ ಮುಂದಿನ ಪ್ರಶ್ನೆ ಕೇಳಿತು: ಸಾಮಾನುಗಳು ಕೆಳಗೆ ಬಿದ್ದವೇ, ಎಷ್ಟು? ಅವಳು ತಟ್ಟೆಗಳ ನಡುವೆ ಹೂಜಿ ಅಪ್ಪಿಕೊಂಡು ಕೂತಿದ್ದ ಗಂಡನನ್ನು ನೋಡಿ ‘ಒಂದು’ ಎಂದು ಬರೆದಳು. ಹಾನಿಯಾಗಿದೆಯೇ ಎಂದು ಕೇಳಿತು. ‘ಮೊದಲಿನಿಂದಲೂ ಹಾಗೇ ಇದೆ’ ಎಂಬ ಉತ್ತರವನ್ನು ಬಹಳ ಹುಡುಕಿದಳು, ಸಿಗಲಿಲ್ಲ. ಹಾಗಾಗಿ ‘ಇಲ್ಲ’ ಎಂದು ಒತ್ತಿ, ಅವನನ್ನು ಎಬ್ಬಿಸಲು ಕೈ ಕೊಟ್ಟಳು.